ಪರದೇಶದ ಮಂಗಳವಾರಗಳು

ಯಾವುದೇ ಊರಿನ ಭಾನುವಾರವನ್ನು ದುಡ್ಡು ಕೊಟ್ಟು ನೋಡಿ ಬರಬಹುದು. ಅದಕ್ಕೆ ಟಿಕೆಟ್ಟು, ಹೋಟೆಲ್ಲು, ಒಬ್ಬ ಗೈಡು ಇದ್ದರೆ ಸಾಕು. ಊರಿನ ಮಂಗಳವಾರ ಹಾಗೆ ಸಿಗುವಂಥದ್ದಲ್ಲ. ಮಕ್ಕಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡಲು ಓಡುವ ತಾಯಿ, ಹತ್ತೂವರೆಗೆ ಗಿರಾಕಿಯಿಲ್ಲದೆ ಸೊಪ್ಪಿಗೆ ನೀರು ಚಿಮುಕಿಸುತ್ತಾ ಕೂತ ಮುದುಕಿ, ಮಧ್ಯಾಹ್ನ ಷಟರನ್ನು ಅರ್ಧ ಎಳೆದುಕೊಂಡು ನೆಲದ ಮೇಲೆ ಮಲಗಿದ ಹಾರ್ಡ್‌ವೇರ್ ಅಂಗಡಿಯವನು, ಇವರನ್ನೆಲ್ಲ ನೋಡಬೇಕಾದರೆ ನಮಗೂ ಆ ಊರಿನಲ್ಲಿ ಮಂಗಳವಾರ ಮಾಡಲೇಬೇಕಾದ ಒಂದು ಕೆಲಸವಿರಬೇಕು. ಅದಕ್ಕೆ ಕಟ್ಟುಬಿದ್ದು ಒಂದೇ ಬೀದಿಯಲ್ಲಿ ದಿನಾ ಹೋಗಿ ಬಂದು ಮಾಡುತ್ತಿರಬೇಕು. ಕೆಲಸವನ್ನು ಜೊತೆಗೇ ಒಯ್ದು ಏಷ್ಯಾದ ಕೆಲವು ಊರುಗಳಲ್ಲಿ ಬಾಳಿ ಬಂದ ಮೇಲೆ ನಾನು ಧೈರ್ಯವಾಗಿ ಹೇಳಬಲ್ಲೆ: ಕೆಲಸವಿದ್ದದ್ದರಿಂದಲೇ ಆ ಊರುಗಳು ನನಗೆ ದಕ್ಕಿದವು. ರಜೆ ಹಾಕಿ ಹೋಗಿದ್ದರೆ ನೋಡುವ ಜಾಗಗಳನ್ನು ನೋಡಿ, ಫೋಟೋ ತೆಗೆಸಿಕೊಂಡು ಬಂದುಬಿಡುತ್ತಿದ್ದೆ.

ನನ್ನದು ಲೆಕ್ಕಪತ್ರದ ಕೆಲಸ. ಸಾಗರ, ಶಿವಮೊಗ್ಗ ಕಡೆಯ ಕೆಲವು ಅಡಿಕೆ ಮಂಡಿಗಳ ಖರೀದಿ, ಮಾರಾಟದ ಲೆಕ್ಕ ಬರೆಯುವುದು, ಬ್ಯಾಂಕಿನ ಸ್ಟೇಟ್‌ಮೆಂಟು ತಾಳೆ ನೋಡುವುದು, ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ತುಂಬುವುದು. ಮೊದಲೆಲ್ಲ ಬಿಲ್ಲು, ವೋಚರುಗಳು ಕೈಚೀಲದಲ್ಲಿ ಬರುತ್ತಿದ್ದವು. 2020ರ ಲಾಕ್‌ಡೌನಿನಲ್ಲಿ ಚೀಲ ಬರುವುದು ನಿಂತು, ವಾಟ್ಸಾಪಿನಲ್ಲಿ ಫೋಟೋಗಳು ಬರತೊಡಗಿದವು. ಆಗ ನಾನಿದ್ದದ್ದು ಹಳ್ಳಿಯ ಮನೆಯಲ್ಲಿ. ಸಿಗ್ನಲ್ ಸಿಗುತ್ತಿದ್ದದ್ದು ತೋಟದ ಮೇಲಿನ ಗುಡ್ಡದ ಒಂದು ಮೂಲೆಯಲ್ಲಿ ಮಾತ್ರ. ಮಲೆನಾಡಿನ ಎಷ್ಟೋ ಮಕ್ಕಳು ಆ ವರ್ಷ ಗುಡ್ಡ ಹತ್ತಿ, ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಅದರಡಿ ಕೂತು ಪಾಠ ಕೇಳಿದರು. ನಾನು ಅದೇ ಮಕ್ಕಳ ಪಕ್ಕದಲ್ಲಿ ಕೂತು ರಿಟರ್ನ್ ತುಂಬಿದೆ. ಮಳೆ ಹೊಡೆಯುವ ಗುಡ್ಡದ ಮೇಲೆ ಮಾಡಿ ಮುಗಿಸಿದ ಕೆಲಸವನ್ನು ಇನ್ನೆಲ್ಲಿ ಕೂತಾದರೂ ಮಾಡಬಹುದು ಎಂಬ ಧೈರ್ಯ ಬಂದದ್ದು ಅಲ್ಲಿಂದ. ಮಂಡಿಯ ಸಾಹುಕಾರರಿಗೂ ಅಷ್ಟು ಹೊತ್ತಿಗೆ ಒಂದು ವಿಷಯ ಮನದಟ್ಟಾಗಿತ್ತು. ಹನ್ನೊಂದನೇ ತಾರೀಕಿನೊಳಗೆ ಜಿಎಸ್‌ಟಿಆರ್-1, ಇಪ್ಪತ್ತರೊಳಗೆ 3ಬಿ ಸರಿಯಾಗಿ ಹೋದರೆ, ಲೆಕ್ಕದವಳು ಸಾಗರದ ಪೇಟೆಯಲ್ಲೇ ಇರಬೇಕೆಂದೇನೂ ಇಲ್ಲ.

ಊರು ಆರಿಸುವಾಗ ಎಲ್ಲರೂ ಸಮುದ್ರ ನೋಡುತ್ತಾರೆ, ಬೆಟ್ಟ ನೋಡುತ್ತಾರೆ. ನಾನು ಮೊದಲು ನೋಡುವುದು ಗಡಿಯಾರ. ಶ್ರೀಲಂಕಾದ ಹೊತ್ತು ನಮ್ಮದೇ ಹೊತ್ತು. ನೇಪಾಳ ನಮಗಿಂತ ಕಾಲು ಗಂಟೆ ಮುಂದೆ. ಥಾಯ್ಲೆಂಡ್, ವಿಯೆಟ್ನಾಂ ಒಂದೂವರೆ ಗಂಟೆ ಮುಂದೆ, ಮಲೇಷ್ಯಾ ಮತ್ತು ಬಾಲಿ ಎರಡೂವರೆ, ಜಪಾನ್ ಮೂರೂವರೆ. ಅಮೆರಿಕದ ಕಂಪನಿಗೆ ದುಡಿಯುವವರಿಗೆ ಮೂಡಣಕ್ಕೆ ಹೋದಷ್ಟೂ ರಾತ್ರಿ ಬೆಳೆಯುತ್ತದೆ. ಊರಿನ ಮಂಡಿಗಾಗಿ ದುಡಿಯುವ ನನ್ನಂಥವಳಿಗೆ ಅದು ತದ್ವಿರುದ್ಧ, ಮೂಡಣಕ್ಕೆ ಹೋದಷ್ಟೂ ಬೆಳಗು ಬೆಳೆಯುತ್ತದೆ. ವಿಯೆಟ್ನಾಂನ ದನಾಂಗ್‌ನಲ್ಲಿ ಹನ್ನೊಂದೂವರೆ ಆದಾಗ ಸಾಗರದಲ್ಲಿ ಹತ್ತು. ಸಾಹುಕಾರರು ಅಂಗಡಿ ಗುಡಿಸಿ, ದೀಪ ಹಚ್ಚಿ, ಗಾದಿಯ ಮೇಲೆ ಕೂತು ಫೋನು ಕೈಗೆತ್ತಿಕೊಳ್ಳುವುದು ಆಗ. ಅಲ್ಲಿಯವರೆಗಿನ ಬೆಳಗು ಪೂರ್ತಿ ನನ್ನದು. ಹಲವು ಊರುಗಳ ನಡುವೆ ದನಾಂಗ್ ನನಗೆ ಹೆಚ್ಚು ಹತ್ತಿರವಾದದ್ದಕ್ಕೆ ಈ ಬೆಳಗೇ ಮೊದಲ ಕಾರಣ.

ಅದು ಬೇಗ ಏಳುವ ಊರು. ಐದು ಗಂಟೆಗೆ ಮಿ ಖೇ ಕಡಲತಡಿಗೆ ಹೋದರೆ ಅರ್ಧ ಊರು ನೀರಿನಲ್ಲಿರುತ್ತದೆ. ಅಜ್ಜಿಯಂದಿರು ತುಂಬು ತೋಳಿನ ಅಂಗಿಯಲ್ಲೇ ಅಲೆಗೆ ಬೆನ್ನು ಕೊಟ್ಟು ನಿಂತು ಹರಟುತ್ತಿರುತ್ತಾರೆ. ಮರಳಿನ ಮೇಲೆ ಹಾಡು ಹಾಕಿಕೊಂಡು ಹೆಂಗಸರ ಗುಂಪೊಂದು ಕೈಕಾಲು ಆಡಿಸುತ್ತಿರುತ್ತದೆ. ಉತ್ತರದ ಕಡೆ ಬಿದಿರಿನ ಹರಿಗೋಲುಗಳಲ್ಲಿ ದಡಕ್ಕೆ ಬಂದ ಮೀನುಗಾರರ ಸುತ್ತ ಕೊಳ್ಳುವವರು ಮುತ್ತಿಕೊಂಡಿರುತ್ತಾರೆ. ಏಳು ಗಂಟೆಗೆಲ್ಲ ಬಿಸಿಲು ಚುರುಗುಟ್ಟಿ ದಡ ಖಾಲಿ. ಹೋಟೆಲಿನ ತಿಂಡಿ ಮುಗಿಸಿ ಒಂಬತ್ತಕ್ಕೆ ಬರುವ ಪ್ರವಾಸಿಗೆ ಸಿಗುವುದು ಬಿಸಿಲು, ಬಾಡಿಗೆಯ ಕುರ್ಚಿ ಮತ್ತು ತನ್ನಂಥದೇ ಪ್ರವಾಸಿಗರು.

ನಾನಿದ್ದ ಮನೆ ಕಡಲಿನಿಂದ ಕೆಲವು ಬೀದಿ ಒಳಗೆ. ಕೆಳಗೆ ಮನೆಯೊಡತಿಯ ಹೊಲಿಗೆ ಅಂಗಡಿ, ಮೇಲೆ ಬಾಡಿಗೆ ಕೋಣೆಗಳು. ಹೋದ ದಿನವೇ ಅವರು ನನ್ನ ಪಾಸ್‌ಪೋರ್ಟ್ ಇಸಿದುಕೊಂಡು, ಫೋಟೋ ತೆಗೆದು, ಪೊಲೀಸರಿಗೆ ಮಾಹಿತಿ ಕಳಿಸಿದರು. ಪರದೇಶದವರು ಬಂದು ಉಳಿದರೆ ಮನೆಯವರು ತಿಳಿಸಲೇಬೇಕೆಂದು ಅಲ್ಲಿಯ ಕಾನೂನು. ಅಂಗಡಿಯ ಬಾಗಿಲಿಗೆ ಎದುರಾಗಿ, ನೆಲಕ್ಕೆ ತಾಗಿದ ಹಾಗೆ, ಒಂದು ಕೆಂಪು ಗೂಡು. ಒಳಗೆ ಎರಡು ಪುಟ್ಟ ವಿಗ್ರಹ, ನೆಲದ ಒಡೆಯ ಓಂಗ್ ದಿಯಾ ಮತ್ತು ಸಂಪತ್ತಿನ ದೇವರು ಥನ್ ತಾಯ್. ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ಮನೆಯೊಡತಿ ಕುಕ್ಕರಗಾಲಿನಲ್ಲಿ ಕೂತು ಗೂಡಿನ ಧೂಳು ಒರೆಸಿ, ಊದುಬತ್ತಿ ಹಚ್ಚಿ, ಲೋಟದ ನೀರು ಬದಲಿಸಿ, ಬೆರಳುದ್ದದ ಕಪ್ಪಿನಲ್ಲಿ ಸಕ್ಕರೆ ಹಾಕಿದ ಕರಿ ಕಾಫಿ ಇಡುತ್ತಿದ್ದರು. ನೆಲದ ದೇವರಿಗೆ ಕಾಫಿಯೆಂದರೆ ಇಷ್ಟವಂತೆ. ಕಪ್ಪಿನ ಹಿಡಿಯನ್ನು ದೇವರ ಬಲಗೈಗೆ ಸಿಗುವ ಹಾಗೆ ತಿರುಗಿಸಿಟ್ಟು ಆಮೇಲೆ ಎದ್ದು ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದರು. ಆ ಹಿಡಿ ತಿರುಗಿಸುವ ಕೈಯನ್ನು ನಾನು ದಿನಾ ನೋಡುತ್ತಿದ್ದೆ. ಮಂಡಿಯಲ್ಲಿ ಲಕ್ಷ್ಮಿಯ ಪಟಕ್ಕೆ ಹೂವಿಟ್ಟು, ತಕ್ಕಡಿ ಮುಟ್ಟಿ ಕಣ್ಣಿಗೊತ್ತಿಕೊಂಡು ದಿನ ಶುರುಮಾಡುವವರ ನಡುವೆ ಬೆಳೆದವಳಿಗೆ ಆ ಮನೆ ಹೊರಗಿನದೆಂದು ಅನಿಸಲೇ ಇಲ್ಲ.

ಚಾಂದ್ರಮಾನ ವರ್ಷದ ಮೊದಲ ತಿಂಗಳ ಹತ್ತನೇ ದಿನ ಆ ಸಂಪತ್ತಿನ ದೇವರ ಹಬ್ಬ. ಅಂದು ಚಿನ್ನದಂಗಡಿಗಳ ಮುಂದೆ ಬೆಳಗಿನಿಂದಲೇ ಸಾಲು ನಿಲ್ಲುತ್ತದೆ, ನಮ್ಮಲ್ಲಿ ಅಕ್ಷಯ ತೃತೀಯದಂದು ನಿಲ್ಲುವುದಿಲ್ಲವೇ ಹಾಗೆ. ತೆತ್, ಅಂದರೆ ಅವರ ಹೊಸ ವರ್ಷ, ಬರುವುದರೊಳಗೆ ಹಳೆಯ ಸಾಲ ತೀರಿಸಿಬಿಡಬೇಕು ಎನ್ನುವುದು ಅವರ ನಂಬಿಕೆ. ಲೆಕ್ಕ ಬರೆಯುವ ನನಗೆ ಆ ನಂಬಿಕೆ ಬಹಳ ಹಿಡಿಸಿತು. ಮಾರ್ಚ್ 31ಕ್ಕೆ ನಾವು ಪುಸ್ತಕ ಮುಗಿಸುತ್ತೇವೆ, ಬಾಕಿಗಳು ಹಾಗೇ ಮುಂದಿನ ವರ್ಷದ ಪುಟಕ್ಕೆ ಹೋಗಿ ಕೂರುತ್ತವೆ. ಅಲ್ಲಿ ಬೀದಿಯ ಕಿರಾಣಿ ಅಂಗಡಿಯವರೂ ಹಬ್ಬಕ್ಕೆ ಮೊದಲು ಉದ್ರಿ ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತಾರೆ, ಕೊಡುವವರೂ ಹೇಗೋ ಹೊಂದಿಸಿ ಕೊಡುತ್ತಾರೆ.

ಕಡಲ ಮುಂದೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ತೆಂಗಿನ ಮರದಡಿ ಕೂತವರ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಆ ಚಿತ್ರವನ್ನು ನಂಬಬೇಡಿ. ಬಿಸಿಲಿಗೆ ಪರದೆ ಕಾಣುವುದಿಲ್ಲ, ಕೀಲಿಮಣೆಯೊಳಗೆ ಮರಳು ಸೇರುತ್ತದೆ, ಉಪ್ಪು ಗಾಳಿಗೆ ಚಾರ್ಜರಿನ ಪಿನ್ನು ಹಸಿರು ಕಟ್ಟುತ್ತದೆ. ಕೆಲಸ ನಡೆಯುವುದು ಗೋಡೆಗೆ ಮುಖ ಮಾಡಿದ ಮೇಜಿನ ಮುಂದೆ. ಊರಿಗೆ ಹೋದ ಮೇಲೆ ನಾನು ಹುಡುಕುವುದು ಕುರ್ಚಿ. ಹೆಚ್ಚಿನ ಬಾಡಿಗೆ ಕೋಣೆಗಳಲ್ಲಿ ಹಾಸಿಗೆ ಚೆನ್ನಾಗಿರುತ್ತದೆ, ಕಿಟಕಿ ಚೆನ್ನಾಗಿರುತ್ತದೆ, ಕುರ್ಚಿ ಮಾತ್ರ ಊಟದ ಮೇಜಿನದು. ಎಂಟು ಗಂಟೆ ಅದರ ಮೇಲೆ ಕೂತವರ ಸೊಂಟ ವಾರದೊಳಗೆ ಮಾತಾಡುತ್ತದೆ. ದನಾಂಗ್‌ನಲ್ಲಿ ನನಗೆ ಕುರ್ಚಿ ಸಿಕ್ಕಿದ್ದು ಮನೆಯೊಡತಿಯ ಅಂಗಡಿಯಿಂದಲೇ. ಅವರಿಗೆ ಹೊಲಿಗೆಯವರ ಸೊಂಟದ ಕಷ್ಟ ಗೊತ್ತಿತ್ತು. ಬೆನ್ನಿಗೆ ಹತ್ತಿಯ ದಿಂಬು ಹೊಲಿದು ಕಟ್ಟಿದ್ದ ಹಳೆಯ ಮರದ ಕುರ್ಚಿಯೊಂದನ್ನು ಕೇಳದೆಯೇ ಮೇಲಕ್ಕೆ ಹೊರಿಸಿ ಕೊಟ್ಟರು.

ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಬೀದಿಯ ಕೊನೆಯ ಕಾಫಿ ಅಂಗಡಿ. ಅಲ್ಲಿ ಪ್ರತಿ ಲೋಟದ ಮೇಲೂ ಒಂದೊಂದು ಪುಟ್ಟ ಫಿಲ್ಟರ್ ಕೂತಿರುತ್ತದೆ. ಅದರ ಹೆಸರು ಫಿನ್. ತಳಕ್ಕೆ ಕಾಫಿಪುಡಿ, ಮೇಲೊಂದು ತೂತಿನ ಒತ್ತುಬಿಲ್ಲೆ, ಅದರ ಮೇಲೆ ಬಿಸಿನೀರು, ಮುಚ್ಚಳ. ತೊಟ್ಟು ತೊಟ್ಟಾಗಿ ಇಳಿಯಲು ಐದು ನಿಮಿಷ ಬೇಕು, ಆ ಐದು ನಿಮಿಷ ಯಾರೂ ಅವಸರ ಮಾಡುವುದಿಲ್ಲ. ಅಡಿಯಲ್ಲಿ ಗಟ್ಟಿ ಸಿಹಿ ಹಾಲು. ಪುಡಿ ಹೆಚ್ಚಾಗಿ ರೋಬಸ್ಟಾ, ಬಹಳ ಕಪ್ಪಾಗುವಷ್ಟು ಹುರಿದದ್ದು. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿಯ ನಡುನಾಡಿನ ಎತ್ತರದ ಪ್ರದೇಶದಲ್ಲಿ ಮಳೆ ಕೈಕೊಟ್ಟರೆ ಕೊಡಗಿನ ಕಣದಲ್ಲಿ ದರ ಏರುತ್ತದೆ. 2024ರಲ್ಲಿ ಆದದ್ದು ಅದೇ. ವಿಯೆಟ್ನಾಂನ ಬರದಿಂದ ರೋಬಸ್ಟಾ ದರ ಹಿಂದೆಂದೂ ಕಾಣದಷ್ಟು ಮೇಲೆ ಹೋಗಿ, ಕೊಡಗು, ಚಿಕ್ಕಮಗಳೂರಿನ ಬೆಳೆಗಾರರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಆ ಅಂಗಡಿಯ ಯಜಮಾನರ ತಮ್ಮ ದಾಕ್ ಲಾಕ್ ಪ್ರಾಂತ್ಯದ ಕಾಫಿ ಬೆಳೆಗಾರ. ಫೋನಿನ ಅನುವಾದದ ಆ್ಯಪ್ ಹಿಡಿದುಕೊಂಡು ಯಜಮಾನರೊಂದಿಗೆ ಬರ, ಬಾವಿ, ಗೊಬ್ಬರದ ಮಾತಾಡಿದ ದಿನಗಳಲ್ಲಿ ಒಬ್ಬರ ನಷ್ಟ ಇನ್ನೊಬ್ಬರ ಲಾಭವಾಗುವುದು ಹೇಗೆಂದು ಕಣ್ಣೆದುರೇ ಕಂಡೆ. ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದ ಆ ಮನುಷ್ಯನ ದನಿಯಲ್ಲಿ ದೂರಿರಲಿಲ್ಲ.

ಹನ್ನೊಂದೂವರೆಗೆ ಊರು ಊಟಕ್ಕೆ ಕೂರುತ್ತದೆ, ಹನ್ನೆರಡೂವರೆಗೆ ಮಲಗುತ್ತದೆ. ಬ್ಯಾಂಕಿನವರೂ ಮಲಗುತ್ತಾರೆ, ಗ್ಯಾರೇಜಿನವರೂ ಮಲಗುತ್ತಾರೆ. ನನ್ನ ಫೋನು ಎಚ್ಚರಾಗುವುದು ಆಗಲೇ. ರಿಟರ್ನ್ ತುಂಬಿ ಕೊನೆಯ ಗುಂಡಿ ಒತ್ತಿದಾಗ ಓಟಿಪಿ ಹೋಗುವುದು ಸಾಹುಕಾರರ ಮೊಬೈಲಿಗೆ. ಆ ಮೊಬೈಲು ಅಂಗಿಯ ಜೇಬಿನಲ್ಲಿರಬಹುದು, ಮನೆಯಲ್ಲಿ ಚಾರ್ಜಿಗೆ ಹಾಕಿರಬಹುದು, ಮೊಮ್ಮಗನ ಕೈಯಲ್ಲಿರಬಹುದು.

"ಬಂತಾ ನೋಡಿ."

"ತಡಿಯೇ, ಕನ್ನಡಕ ಎಲ್ಲಿಟ್ನೋ. ಹಾಂ, ಬಂತು. ಬರ್ಕೋ, ನಾಕು, ಸೊನ್ನೆ..."

ಆರು ಅಂಕೆ ಬರೆದುಕೊಂಡು, ಒತ್ತಿ, ಸ್ವೀಕೃತಿಯ ಸಂಖ್ಯೆ ಬರುವವರೆಗೆ ಇಬ್ಬರೂ ಫೋನು ಇಡುವುದಿಲ್ಲ. ಆ ಅರ್ಧ ನಿಮಿಷದಲ್ಲೇ ಊರಿನ ಸುದ್ದಿಯೆಲ್ಲ ಬರುತ್ತದೆ: ಮಳೆ ಹಿಡಿದಿದೆಯೋ ಬಿಟ್ಟಿದೆಯೋ, ರಾಶಿ ಇಡಿ ಅಡಿಕೆಯ ದರ ಏನಾಯಿತು, ಯಾರ ಮನೆಯಲ್ಲಿ ಮದುವೆ. ಇಪ್ಪತ್ತನೇ ತಾರೀಕಿನ ರಾತ್ರಿಗಳು ಬೇರೆ. ಊರಿನ ಹನ್ನೆರಡರ ಗಡುವು ಎಂದರೆ ನನಗೆ ಒಂದೂವರೆ. ಪೋರ್ಟಲ್ ನಿಧಾನವಾಗಿ ತಿರುಗುತ್ತಿರುತ್ತದೆ, ಕೆಳಗಿನ ಬೀದಿಯಲ್ಲಿ ಕೊನೆಯ ಸ್ಕೂಟರೂ ಹೋಗಿಬಿಟ್ಟಿರುತ್ತದೆ. ಮರುದಿನ ಕಡಲಿಗೆ ಹೋಗಲಾಗುವುದಿಲ್ಲ. ಸ್ವಾತಂತ್ರ್ಯದ ಜೀವನ ಎಂದು ಇದನ್ನು ವರ್ಣಿಸುವವರು ಈ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಯಜಮಾನ ದೂರದಲ್ಲಿದ್ದಷ್ಟೂ ಗಡುವು ಹತ್ತಿರಕ್ಕೆ ಬರುತ್ತದೆ, ಏಕೆಂದರೆ ಎದುರಿಗೆ ಕೂತು ವಿವರಿಸಿ ಒಂದು ದಿನ ಮುಂದೆ ಹಾಕಿಸಿಕೊಳ್ಳುವ ದಾರಿ ಅಲ್ಲಿ ಇರುವುದಿಲ್ಲ.

ಈ ಜೀವನದಲ್ಲಿ ನನಗೆ ಸಿಕ್ಕ ದೊಡ್ಡ ಉಡುಗೊರೆ ಬಾಕ್ ಮಿ ಆನ್ ಮಾರುಕಟ್ಟೆಯಲ್ಲಿತ್ತು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಅಲ್ಲಿಯ ಬಹಳ ಮಂದಿ ಮಾಂಸ ಮುಟ್ಟುವುದಿಲ್ಲ. 'ಚಾಯ್' ಎಂದು ಬೋರ್ಡು ಹಾಕಿದ ಸಸ್ಯಾಹಾರದ ಅಂಗಡಿಗಳ ಮುಂದೆ ಅಂದು ಜನವೋ ಜನ. ನನ್ನಂಥ ಹುಲ್ಲುಕಡ್ಡಿ ತಿನ್ನುವವರಿಗೆ ಊಟದ ಚಿಂತೆ ತಪ್ಪಿಸಿದ ಅಂಗಡಿಗಳು ಅವು. ಆ ದಿನಗಳ ಹಿಂದಿನ ಸಂಜೆ ಮಾರುಕಟ್ಟೆಯಲ್ಲಿ ಹೂವು, ಹಣ್ಣು, ಊದುಬತ್ತಿ, ಸುಡುವ ಕಾಗದದ ನೋಟು ತುಂಬಿಕೊಳ್ಳುತ್ತವೆ. ಸೇವಂತಿಗೆಯ ರಾಶಿಯ ಪಕ್ಕ ಒಬ್ಬ ಮುದುಕಿ ನೆಲದ ಮೇಲೆ ಗೋಣಿ ಹಾಸಿಕೊಂಡು ಮಾರುತ್ತಿದ್ದದ್ದು ಅಡಿಕೆ. ಹಸಿರು ಕಾಯಿಗಳ ಪುಟ್ಟ ಗೊಂಚಲು, ಪ್ರತಿ ಗೊಂಚಲಿನ ಪಕ್ಕ ಮಡಿಸಿಟ್ಟ ನಾಲ್ಕಾರು ವೀಳ್ಯದೆಲೆ. ಕಾಯಿಯನ್ನು ಕೈಗೆತ್ತಿಕೊಂಡು ತೊಟ್ಟು ಬಿಡಿಸಿ ಮೂಸಿದೆ. ನಮ್ಮ ತೋಟದ್ದೇ ವಾಸನೆ. ಮುದುಕಿ ನನ್ನ ಮುಖ ನೋಡಿ ನಗುತ್ತಾ, ಚೂರಿಯಿಂದ ಒಂದು ಕಾಯನ್ನು ಉದ್ದಕ್ಕೆ ಸೀಳಿ, ಸಿಪ್ಪೆ ತುಸು ಕೆತ್ತಿ, ಎಲೆಗೆ ಸುಣ್ಣ ಹಚ್ಚಿ ಮಡಿಸಿ ಕೊಟ್ಟಳು. ಮಡಿಕೆಯ ತುದಿಯನ್ನು ಎಲೆಯೊಳಗೇ ಸಿಕ್ಕಿಸುವ ಆ ಕೈಚಳಕ ನಮ್ಮ ಅಜ್ಜಿಯದೇ.

ವಿಯೆಟ್ನಾಂನಲ್ಲಿ ಅಡಿಕೆ, ಎಲೆಯಿಲ್ಲದೆ ಮದುವೆಯ ನಿಶ್ಚಯ ಆಗುವುದಿಲ್ಲ. ಗಂಡಿನ ಕಡೆಯವರು ಒಯ್ಯುವ ತಟ್ಟೆಗಳಲ್ಲಿ ಅದೇ ಮೊದಲು. 105 ಕಾಯಿಗಳ ಕೊನೆ ಒಯ್ಯುವ ಪದ್ಧತಿ ಹಲವು ಕಡೆ ಇದೆ. ಮಾತು ಶುರುವಾಗುವುದೇ ತಾಂಬೂಲದಿಂದ ಎಂದು ಅವರಲ್ಲೂ ಒಂದು ಗಾದೆಯಿದೆ. ತಮ್ಮ, ಅಣ್ಣ, ಅಣ್ಣನ ಹೆಂಡತಿ ಸತ್ತು ಸುಣ್ಣದ ಕಲ್ಲು, ಅಡಿಕೆ ಮರ, ವೀಳ್ಯದ ಬಳ್ಳಿಯಾದರು ಎಂಬ ಹಳೆಯ ಕತೆಯನ್ನು ಮಕ್ಕಳಿಗೆಲ್ಲ ಹೇಳುತ್ತಾರೆ. ಜಗಿಯುವವರು ಈಗ ಮುದುಕಿಯರು ಮಾತ್ರ, ಆದರೆ ದೇವರ ಮುಂದೆ ಇಡುವುದನ್ನು ಯಾರೂ ಬಿಟ್ಟಿಲ್ಲ. 2024ರಲ್ಲಿ ಹಸಿ ಅಡಿಕೆಗೆ ಅಲ್ಲಿ ಭಾರಿ ದರ ಬಂತು. ಚೀನಾದಲ್ಲಿ ಅಡಿಕೆಯನ್ನು ಒಣಗಿಸಿ, ಸಿಹಿ ಸೇರಿಸಿ ಜಗಿಯುವವರು ಬಹಳ, ಅವರಿಗಾಗಿ ವರ್ತಕರು ಮುಗಿಬಿದ್ದು ಕೊಂಡರು.

ಗೊಂಚಲಿನ ಫೋಟೋವನ್ನು ಸಾಗರದ ಹಿರಿಯ ಸಾಹುಕಾರರೊಬ್ಬರಿಗೆ ಕಳಿಸಿದೆ. ನಾನು ಎಲ್ಲಿದ್ದೇನೆಂದು ಅದುವರೆಗೆ ಒಮ್ಮೆಯೂ ಕೇಳದಿದ್ದವರು ತಕ್ಷಣ ಫೋನು ಮಾಡಿದರು.

"ಎಂತ ಮಾರಾಯ್ತಿ, ಅದು ನಮ್ಮ ಅಡಿಕೆನೇ ಅಲ್ದನೇ? ಕಾಯಿ ಒಂಚೂರು ಉದ್ದ ಕಾಣ್ತು. ಕೇಜಿಗೆ ಎಷ್ಟಂತೆ? ಬೇಯಿಸ್ತಾರಾ, ಹಂಗೇ ಮಾರ್ತಾರಾ? ಕೊಳೆ ರೋಗ ಇದ್ಯಾ ಅಲ್ಲಿ? ಬೋರ್ಡೋ ಹೊಡೀತಾರಾ?"

ಒಂದಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಮರುವಾರ ಮುದುಕಿಯ ಬಳಿ ಹೋಗಿ, ಫೋನಿನ ಆ್ಯಪಿನಲ್ಲಿ ಒಂದೊಂದೇ ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು ಸಾಗರಕ್ಕೆ ವರದಿ ಒಪ್ಪಿಸಿದೆ. ಬೇಯಿಸುವುದಿಲ್ಲ, ಎಳೆಯದರಲ್ಲೇ ಕೊಯ್ಯುತ್ತಾರೆ. ಮರ ಹತ್ತುವವರು ಅಲ್ಲಿಯೂ ಸಿಗುತ್ತಿಲ್ಲ. ಈ ಕೊನೆಯ ಮಾತು ಕೇಳಿದಾಗ ಸಾಹುಕಾರರು ನಿಟ್ಟುಸಿರು ಬಿಟ್ಟು, "ಎಲ್ಲಾ ಕಡೆ ಅದೇ ಆಯ್ತು ಹಂಗಾರೆ" ಎಂದರು. ಆಮೇಲೆ ಮುದುಕಿಯೂ ಅವರೂ ನನ್ನ ಮೂಲಕ ಸುದ್ದಿ ವಿನಿಮಯ ಮಾಡಿಕೊಳ್ಳುವುದು ರೂಢಿಯಾಯಿತು. ಬಿಲ್ಲಿನ ಫೋಟೋ, ಓಟಿಪಿ, ದನಾಂಗ್‌ನ ಅಡಿಕೆ ದರ, ಮೂರೂ ಒಂದೇ ಕರೆಯಲ್ಲಿ ಮುಗಿಯುತ್ತಿದ್ದವು.

ವಾರದ ಕೊನೆಗೆ ನಾನೂ ಪ್ರವಾಸಿಯೇ. ಮಿ ಸನ್ ಕಣಿವೆಗೆ ಹೋಗಿ ಚಂಪಾ ಅರಸರು ಶಿವನಿಗೆ ಕಟ್ಟಿದ ಇಟ್ಟಿಗೆಯ ಗುಡಿಗಳನ್ನು ನೋಡಿದೆ. ನಾಲ್ಕನೇ ಶತಮಾನದಿಂದ ಹದಿಮೂರನೆಯದರವರೆಗೆ ಕಟ್ಟಿದ ಗುಡಿಗಳಲ್ಲಿ ಬಹಳಷ್ಟು 1969ರ ಅಮೆರಿಕದ ಬಾಂಬಿಗೆ ನೆಲಕಚ್ಚಿದವು. ಉಳಿದವುಗಳಲ್ಲಿ ಕೆಲವನ್ನು ಎತ್ತಿ ನಿಲ್ಲಿಸಿದ್ದು ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು. 2020ರಲ್ಲಿ ಅವರು ಅಗೆಯುವಾಗ ಒಂಬತ್ತನೇ ಶತಮಾನದ ಏಕಶಿಲೆಯ ಶಿವಲಿಂಗ ಹೊರಬಂತು. ಹೊಯ್ ಆನ್ ಪಟ್ಟಣದಲ್ಲಿ ಹಳೆಯ ವರ್ತಕರ ಮನೆಗಳನ್ನು ನೋಡಿದೆ. ತಾನ್ ಕೀ ಮನೆಯ ಗೋಡೆಯಲ್ಲಿ ನೆರೆಯ ನೀರು ಯಾವ ವರ್ಷ ಎಲ್ಲಿಯವರೆಗೆ ಬಂದಿತ್ತೆಂದು ಗುರುತು ಹಾಕಿದ್ದಾರೆ, ನಾನು ನೋಡಿದಾಗ 1964ರದು ಎಲ್ಲಕ್ಕಿಂತ ಮೇಲಿತ್ತು. ನೀರು ಬಂದಾಗ ಸರಕನ್ನು ಮೇಲಿನ ಅಟ್ಟಕ್ಕೆ ಎಳೆದುಕೊಳ್ಳಲು ನಡುವೆ ಕಂಡಿ ಬಿಟ್ಟಿದ್ದಾರೆ. ವ್ಯಾಪಾರ ಮಾಡಿದ ಮನೆಯೆಂದು ನೋಡಿದೊಡನೆ ತಿಳಿಯುತ್ತದೆ.

ನೆರೆಯ ಮಾತು ಬಂತು. ಅಲ್ಲಿಯ ಮಳೆಗಾಲ ನಮ್ಮದಲ್ಲ. ಜೂನ್, ಜುಲೈನಲ್ಲಿ ಆಗುಂಬೆ ನೆನೆಯುವಾಗ ದನಾಂಗ್ ಬಿಸಿಲಿನಲ್ಲಿ ಕಾಯುತ್ತಿರುತ್ತದೆ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಅವರ ಮಳೆ, ಚಂಡಮಾರುತ, ನೆರೆ. ಚಿಯಾಂಗ್ ಮಾಯ್ ಬಗ್ಗೆಯೂ ಇಂಥದೇ ಎಚ್ಚರ ಬೇಕು. ಥಾಯ್ಲೆಂಡಿನ ಉತ್ತರದ ಆ ಊರು 1296ರಲ್ಲಿ ಮಂಗ್ರಾಯ್ ದೊರೆ ಕಟ್ಟಿಸಿದ್ದು, ಕಂದಕದ ಒಳಗಿನ ಹಳೆಯ ಪೇಟೆಯಲ್ಲಿ ಹೆಜ್ಜೆಗೊಂದು ವಿಹಾರ, ಲ್ಯಾಪ್‌ಟಾಪಿನವರಿಗೆ ಬೇಕಾದ ಸೌಕರ್ಯವೆಲ್ಲ ಇದೆ. ಫೆಬ್ರುವರಿಯಿಂದ ಏಪ್ರಿಲಿನವರೆಗೆ ಮಾತ್ರ ಹೊಲ, ಕಾಡುಗಳಿಗೆ ಹಚ್ಚಿದ ಬೆಂಕಿಯ ಹೊಗೆ ಬೋಗುಣಿಯಾಕಾರದ ಕಣಿವೆಯಲ್ಲಿ ನಿಂತುಬಿಡುತ್ತದೆ, ಎದುರಿನ ದೊಯ್ ಸುತೇಪ್ ಬೆಟ್ಟವೇ ಕಾಣುವುದಿಲ್ಲ. ಉಬ್ಬಸವಿರುವವರು ಆ ತಿಂಗಳುಗಳಲ್ಲಿ ಖಂಡಿತ ಹೋಗಬಾರದು. ಮಲೇಷ್ಯಾದ ಪೆನಾಂಗಿನ ಜಾರ್ಜ್‌ಟೌನಿನಲ್ಲಿ ನನಗೆ ಊಟ, ಮಾತು ಎರಡೂ ಸಲೀಸು. 1833ರ ಮಹಾಮಾರಿಯಮ್ಮನ ಗುಡಿಯ ಸುತ್ತಲ ಬೀದಿಯಲ್ಲಿ ಇಡ್ಲಿ, ಸಾಂಬಾರು ಸಿಗುತ್ತದೆ. ಸಲೀಸಾದದ್ದಕ್ಕೋ ಏನೋ, ಅಲ್ಲಿಂದ ಹೊಸದಾಗಿ ತಂದದ್ದು ಕಡಿಮೆ.

ಇಂಟರ್ನೆಟ್ ದನಾಂಗ್‌ನಲ್ಲಿ ಚೆನ್ನಾಗಿದೆ, ಕೆಡುವವರೆಗೆ. ಜಾಲವೆಲ್ಲ ಆಕಾಶದಿಂದ ಬರುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ದೇಶದಿಂದ ದೇಶಕ್ಕೆ ಅದು ಹರಿಯುವುದು ಸಮುದ್ರದ ತಳದಲ್ಲಿ ಹಾಸಿದ ಕೇಬಲ್ಲುಗಳಲ್ಲಿ. ಲಂಗರು ಎಳೆದೋ, ಭೂಕಂಪದಿಂದಲೋ ಅವು ತುಂಡಾದರೆ ಹಡಗು ಹೋಗಿ, ತಳದಿಂದ ಎತ್ತಿ, ಬೆಸೆದು ಮತ್ತೆ ಇಳಿಬಿಡಬೇಕು, ವಾರಗಟ್ಟಲೆ ಹಿಡಿಯುತ್ತದೆ. 2023ರ ಆರಂಭದಲ್ಲಿ ವಿಯೆಟ್ನಾಂನ ಐದೂ ಸಮುದ್ರ ಕೇಬಲ್ಲುಗಳು ಒಂದೇ ಹೊತ್ತಿನಲ್ಲಿ ಕೆಟ್ಟಿದ್ದವು. ಶಾರ್ಕ್ ಕಚ್ಚಿದೆ ಎಂದು ಅಲ್ಲಿಯ ಜನ ಹೇಳುತ್ತಾರೆ. ನಾನಿದ್ದಾಗಲೂ ನಿಧಾನವಾದ ದಿನಗಳಿದ್ದವು. ಹಾಗಾಗಿ ಬಿಲ್ಲುಗಳನ್ನೆಲ್ಲ ಬಂದ ದಿನವೇ ಇಳಿಸಿಟ್ಟುಕೊಂಡು, ರಿಟರ್ನನ್ನು ಗಡುವಿಗೆ ಮೂರು ದಿನ ಮೊದಲೇ ಸಿದ್ಧಮಾಡುವ ಅಭ್ಯಾಸ ಬೆಳೆಯಿತು. ಲಾಕ್‌ಡೌನಿನಲ್ಲಿ ಗುಡ್ಡದ ಮೇಲಿನ ಮಕ್ಕಳೂ ಹೀಗೇ ಸಿಕ್ಕಾಗ ಇಳಿಸಿಟ್ಟುಕೊಳ್ಳುತ್ತಿದ್ದರು.

ಕಾಗದಪತ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡುತ್ತಾ ಕೂರುವುದು ಎಷ್ಟೋ ದೇಶಗಳಲ್ಲಿ ಸ್ಪಷ್ಟವಿಲ್ಲದ ಸ್ಥಿತಿ. ಥಾಯ್ಲೆಂಡ್ 2024ರ ಜುಲೈಯಲ್ಲಿ ಇಂಥವರಿಗೂ ಸಿಗುವ ಡಿಟಿವಿ ಎಂಬ ವೀಸಾ ತಂದಿತು. ಐದು ವರ್ಷದ ಅವಧಿ, ಒಮ್ಮೆ ಹೋದರೆ 180 ದಿನ, ಖಾತೆಯಲ್ಲಿ ಐದು ಲಕ್ಷ ಬಾತ್ ತೋರಿಸಬೇಕು. ಮಲೇಷ್ಯಾ 2022ರಲ್ಲೇ ಡಿಇ ರಂತಾವ್ ಪಾಸ್ ಶುರುಮಾಡಿತು. ವಿಯೆಟ್ನಾಂನಲ್ಲಿ ಇದಕ್ಕೆಂದೇ ವೀಸಾ ಇಲ್ಲ. 2023ರ ಆಗಸ್ಟಿನಿಂದ ಸಿಗುತ್ತಿರುವ 90 ದಿನದ ಇ-ವೀಸಾ ಮಾತ್ರ. ಬಂದವರ ದುಡ್ಡು ಬೇಕು, ಬಂದವರ ಕೆಲಸದ ಮಾತು ಬೇಡ ಎನ್ನುವುದು ಯಾವ ಸರ್ಕಾರಕ್ಕೂ ಒಪ್ಪುವಂಥದ್ದಲ್ಲ. ಥಾಯ್ಲೆಂಡಿನಂತೆ ಬಿಚ್ಚಿ ಬರೆದು, ಇಷ್ಟು ಶುಲ್ಕ, ಇಷ್ಟು ದಿನ ಎಂದು ಹೇಳಿಬಿಡುವುದು ಇಬ್ಬರಿಗೂ ಒಳ್ಳೆಯದು. ತೆರಿಗೆಯನ್ನೂ ಮರೆಯುವ ಹಾಗಿಲ್ಲ. ವರ್ಷದಲ್ಲಿ ಥಾಯ್ಲೆಂಡಿನಲ್ಲಿ 180 ದಿನ, ವಿಯೆಟ್ನಾಂನಲ್ಲಿ 183 ದಿನ ಕಳೆದರೆ ತೆರಿಗೆಯ ಮಟ್ಟಿಗೆ ನೀವು ಆ ದೇಶದ ನಿವಾಸಿ. ಕಂಪನಿಯಲ್ಲಿರುವವರು ಹೇಳದೆ ಕೇಳದೆ ಹೊರಟುಬಿಡುವುದೂ ಸರಿಯಲ್ಲ, ಕಂಪನಿಗೂ ಆ ದೇಶದಲ್ಲಿ ತೆರಿಗೆಯ ತಲೆಬಿಸಿ ಬರಬಹುದು.

ಇನ್ನೊಂದು ಬಾಕಿಯೂ ಇದೆ. ಒಂದು ರೂಪಾಯಿಗೆ ನೂರಾರು ಡಾಂಗ್ ಸಿಗುವ ಊರಿನಲ್ಲಿ ನಮ್ಮ ದುಡಿಮೆಗೆ ಇಲ್ಲದ ಬಲ ಬರುತ್ತದೆ. ಕಡಲ ಹತ್ತಿರದ ಆನ್ ಥುವಾಂಗ್ ಬೀದಿಗಳಲ್ಲಿ ಪರದೇಶದವರು ತುಂಬಿ, ಬೋರ್ಡುಗಳೆಲ್ಲ ಇಂಗ್ಲಿಷ್, ಕೊರಿಯನ್ ಆಗಿವೆ. ಬಾಡಿಗೆ ಏರಿ, ಅಲ್ಲಿ ಹುಟ್ಟಿ ಬೆಳೆದ ಹುಡುಗರು ಮದುವೆಯಾಗಿ ಬೇರೆ ಮನೆ ಹೂಡಬೇಕಾದರೆ ನದಿಯ ಆಚೆಗೆ ಹೋಗಬೇಕು. ಮನೆಯೊಡತಿಯ ಮಗನಿಗೆ ಆದದ್ದೂ ಅದೇ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ನಾವು ಇದನ್ನು ಇನ್ನೊಂದು ಬದಿಯಿಂದ ಕಂಡಿದ್ದೇವೆ. ನಾನೊಬ್ಬಳು ಹೋಗದಿದ್ದರೆ ಬಾಡಿಗೆ ಇಳಿಯುವುದಿಲ್ಲ, ನಿಜ. ಆದರೂ ಪರದೇಶದವರಿಗೆಂದೇ ಕಟ್ಟಿದ ಬೀದಿ ಬಿಟ್ಟು ಊರವರ ನಡುವೆ ಇರುವುದು, ಬಾಡಿಗೆ ಮಧ್ಯವರ್ತಿಗೆ ಹೋಗದೆ ಮನೆಯವರ ಕೈಗೆ ಹೋಗುವಂತೆ ನೋಡುವುದು, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡದಿರುವುದು ನಮ್ಮ ಕೈಯಲ್ಲೇ ಇದೆ.

ಒಮ್ಮೆ ಜ್ವರ ಬಂದು ಮಲಗಿದೆ. ಬೆಳಿಗ್ಗೆ ಕೆಳಗೆ ಇಳಿಯದ್ದನ್ನು ನೋಡಿ ಮನೆಯೊಡತಿ ಮೇಲೆ ಬಂದರು. ಹಣೆ ಮುಟ್ಟಿ ನೋಡಿ, ಏನೂ ಮಾತಾಡದೆ ಹೋಗಿ, ಅರ್ಧ ಗಂಟೆಯಲ್ಲಿ ಬಿಸಿ ಗಂಜಿ ತಂದರು. ಅಕ್ಕಿ ಕರಗುವಷ್ಟು ಬೆಂದ ಗಂಜಿ, ಮೇಲೆ ಶುಂಠಿ, ಹಸಿ ಈರುಳ್ಳಿ ಸೊಪ್ಪು. ಮೀನಿನ ಸಾರು ಹಾಕಿಲ್ಲ ಎಂದು ಕೈಯಾಡಿಸಿ ತೋರಿಸಿದರು. ಹುಣ್ಣಿಮೆಯ ದಿನಗಳಲ್ಲಿ ನಾನು ಎಲ್ಲಿ ಉಣ್ಣುತ್ತೇನೆ ಎಂಬುದನ್ನು ಅವರು ಗಮನಿಸಿದ್ದರು. ಅಮ್ಮನಿಗೆ ವಿಡಿಯೋ ಕರೆ ಮಾಡಿ ಬಟ್ಟಲು ತೋರಿಸಿದಾಗ ಅಮ್ಮ ಕೇಳಿದ್ದು, "ಉಪ್ಪಿನಕಾಯಿ ಇದ್ಯನೇ ಕೂಸೆ?" ವಾರಕ್ಕೆ ಮೂರು ಊರು ಸುತ್ತುವವರಿಗೆ ಈ ಗಂಜಿ ಸಿಗುವುದಿಲ್ಲ. ಇದು ನಾನು ಆ ಬೀದಿಯಲ್ಲಿ ದಿನವೂ ಹೋಗಿ ಬಂದು ಮಾಡಿದ್ದರಿಂದ ಸಿಕ್ಕಿದ್ದು.

ಹೊರಡುವ ಮನಸ್ಸಿರುವ ಕಿರಿಯರು ನನ್ನನ್ನು ಕೇಳುತ್ತಿರುತ್ತಾರೆ, ಯಾವ ಯಾವ ದೇಶ ನೋಡಬೇಕು, ಎಷ್ಟು ದಿನಕ್ಕೆ ಎಷ್ಟು ಊರು ಮಾಡಬಹುದು ಎಂದು. ಪಟ್ಟಿ ಮಾಡಬೇಡಿ. ಒಂದೇ ಊರು ಆರಿಸಿಕೊಳ್ಳಿ. ವೀಸಾ ಎಷ್ಟು ದಿನ ಬಿಡುತ್ತದೋ ಅಷ್ಟೂ ದಿನ ಅಲ್ಲೇ ಇರಿ. ಹೋಗುವ ಮೊದಲು ಆ ಭಾಷೆಯ ಅಂಕೆಗಳನ್ನು ಕಲಿಯಿರಿ, ಮಾರುಕಟ್ಟೆಯಲ್ಲಿ ಮೊದಲು ಬೇಕಾಗುವುದು ಅವೇ. ಊರಿನ ಸಿಮ್ಮನ್ನು ರೋಮಿಂಗಿಗೆ ಹಾಕಿಸಿ ಜೀವಂತವಾಗಿಡಿ, ಇಲ್ಲದಿದ್ದರೆ ಬ್ಯಾಂಕಿನ ಓಟಿಪಿ ಬರುವುದಿಲ್ಲ. ಕೋಣೆಯ ಬಾಡಿಗೆ ಒಪ್ಪುವ ಮೊದಲು ಅಲ್ಲಿಯ ಕುರ್ಚಿಯಲ್ಲಿ ಅರ್ಧ ಗಂಟೆ ಕೂತು ನೋಡಿ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರೆ, ಎರಡು ಹಗಲಿನೊಳಗೆ ಮನೆ ಸೇರುವಷ್ಟು ಹಣವನ್ನು ಬೇರೆಯೇ ತೆಗೆದಿಟ್ಟುಕೊಂಡು ಆಮೇಲೆ ಟಿಕೆಟ್ ಮಾಡಿಸಿ.